ಮಟನ್ ತಿಂದರೆ ಹೃದಯಕ್ಕೆ ತೊಂದರೆ ಕೊಬ್ಬಿನಿಂದ ಮಾತ್ರವೇ?

ಅಲ್ಲ, ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇದೆ. ಕುರಿ, ದನದ ಮಾಂಸದಲ್ಲಿರುವ ಕಾರ್ನಿಟಿನ್ ಎಂಬ ವಸ್ತುವನ್ನು ಅವು ಟಿಎಂಎ (ಟ್ರೈಮೀಥೈಲಮೈನ್) ಎಂಬ ರಾಸಾಯನಿಕವಾಗಿ ಒಡೆಯುತ್ತವೆ. ಯಕೃತ್ತು ಅದನ್ನು ಟಿಎಂಎಒ ಎಂಬ ಇನ್ನೊಂದು ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ರಕ್ತದಲ್ಲಿ ಇದು ಹೆಚ್ಚಿರುವವರಲ್ಲಿ ಹೃದಯಾಘಾತವೂ ಹೆಚ್ಚು ಕಂಡಿದೆ. ಆದರೆ ಇದೇ ನೇರ ಕಾರಣವೆಂಬುದು ಇನ್ನೂ ಚರ್ಚೆಯಲ್ಲಿದೆ: ಮೀನು ತಿಂದಾಗಲೂ ಟಿಎಂಎಒ ಏರುತ್ತದೆ, ಮೀನು ಹೃದಯಕ್ಕೆ ಒಳ್ಳೆಯದೇ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ 2013ರ ಅಧ್ಯಯನದಲ್ಲಿ ಕಾರ್ನಿಟಿನ್ ಕೊಟ್ಟಾಗ ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ಟಿಎಂಎಒ ಬಹಳ ಕಡಿಮೆ ಉತ್ಪತ್ತಿಯಾಯಿತು. ನಾವು ದಿನವೂ ಉಣ್ಣುವುದಕ್ಕೆ ತಕ್ಕ ಬ್ಯಾಕ್ಟೀರಿಯಾಗಳೇ ಒಳಗೆ ಬೆಳೆಯುತ್ತವೆ. ಕೆಂಪು ಮಾಂಸ ಬಿಟ್ಟ ನಾಲ್ಕು ವಾರದಲ್ಲಿ ಟಿಎಂಎಒ ಮಟ್ಟ ಇಳಿದದ್ದೂ ಕಂಡಿದೆ.

ಹಾಗಾಗಿ ಒಳ್ಳೆಯ ಬ್ಯಾಕ್ಟೀರಿಯಾಗಳು ಬೆಳೆಯಲು ಊಟದಲ್ಲಿ ದಿನಕ್ಕೆ 25–30 ಗ್ರಾಂ ನಾರು ಸೇರಲಿ: ರಾಗಿ, ಹುರುಳಿ, ಸೊಪ್ಪು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು-ಮೂರು ವಾರ ಹಿಡಿದು ಏರಿಸಿ, ನೀರು ಚೆನ್ನಾಗಿ ಕುಡಿಯಿರಿ.