ಮಳೆಗಾಲದ ಕಡಲ ಕಿನಾರೆಗೆ ವಾರಸುದಾರರು ಯಾರು?

ಈ ಸಂಚಿಕೆಯ ಪ್ರಶ್ನೋತ್ತರ ಪುಟವನ್ನು ಕಾಸರಗೋಡು ಜಿಲ್ಲೆಯ ಕರಾವಳಿಯ ಓದುಗರು ಕಳುಹಿಸಿದ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮೂರಿನ ಕಡಲ ಕಿನಾರೆಯಲ್ಲಿ ಕೆಲವು ವರ್ಷಗಳ ಹಿಂದೆ ಬೆಂಚು, ಕಬ್ಬಿಣದ ರೇಲಿಂಗ್, ಇಂಟರ್‌ಲಾಕ್ ಹಾಕಿದ ಕಾಲುದಾರಿ, ಶೌಚಾಲಯ, ಹೈಮಾಸ್ಟ್ ದೀಪ ಎಲ್ಲವೂ ಆದವು. ನವೆಂಬರಿನಿಂದ ಮೇ ತನಕ ಬೆಳಿಗ್ಗೆ ಗುಡಿಸುವವರು ಬರುತ್ತಾರೆ. ಜೂನ್ ಬಂತೆಂದರೆ ಶೌಚಾಲಯಕ್ಕೆ ಬೀಗ, ದೀಪ ಕೆಟ್ಟರೆ ಕೇಳುವವರಿಲ್ಲ, ಕಸದ ತೊಟ್ಟಿ ತುಂಬಿ ಹೊರಚೆಲ್ಲಿದರೂ ತೆಗೆಯುವವರಿಲ್ಲ. ವಿಚಾರಿಸಿದರೆ ‘ಈಗ ಸೀಸನ್ ಅಲ್ಲವಲ್ಲ’ ಎಂಬ ಉತ್ತರ. ವರ್ಷವಿಡೀ ಇಲ್ಲಿಯೇ ಬದುಕುವವರು ಏನು ಮಾಡಬೇಕು?
– ಮಂಜೇಶ್ವರ ತಾಲೂಕಿನ ಓದುಗರೊಬ್ಬರು

ಉತ್ತರ: ನಿಮಗೆ ಸಿಕ್ಕಿದ ಉತ್ತರ ಸರಿಯಲ್ಲ. ಮಳೆಗಾಲದಲ್ಲಿ ಕಡಿಮೆಯಾಗುವುದು ಹೊರಗಿನಿಂದ ಬರುವ ಪ್ರವಾಸಿಗರು ಮಾತ್ರ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನಗಳ ಟ್ರೋಲಿಂಗ್ (ಯಾಂತ್ರಿಕ ದೋಣಿಗಳು ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಇರುವಾಗಲೂ ಸಾಂಪ್ರದಾಯಿಕ ದೋಣಿಗಳಿಗೆ ಆ ನಿರ್ಬಂಧವಿಲ್ಲ. ಮೀನುಗಾರರು ಅದೇ ದಡದಲ್ಲಿ ಬಲೆ ಹೊಲಿಯುತ್ತಾರೆ, ದೋಣಿ ದುರಸ್ತಿ ಮಾಡುತ್ತಾರೆ, ಕಡಲಿನ ಲಕ್ಷಣ ನೋಡಲು ದಿನಕ್ಕೆ ನಾಲ್ಕು ಸಲ ಬಂದು ನಿಲ್ಲುತ್ತಾರೆ. ಬಲೆ ಹೊಲಿಯುವ ಹೆಂಗಸರು ಹತ್ತಿರದಲ್ಲಿಯೇ ಇರುವ ಶೌಚಾಲಯದ ಬೀಗ ನೋಡಿ ಮನೆಗೆ ನಡೆಯಬೇಕಾಗಿ ಬರುವುದನ್ನು ಸೀಸನ್ನಿನ ಲೆಕ್ಕದಲ್ಲಿ ಸಮರ್ಥಿಸಲು ಸಾಧ್ಯವಿಲ್ಲ.

ಇದಕ್ಕಿಂತಲೂ ದೊಡ್ಡ ಕಾರಣ ಕಡಲಿನ ಸ್ವಭಾವದಲ್ಲಿಯೇ ಇದೆ. ಮಳೆಗಾಲದ ಎತ್ತರದ ಅಲೆಗಳು ಒಂದರ ಬೆನ್ನಿಗೊಂದು ಬಂದು ದಡದ ಮರಳನ್ನು ಒಳಕ್ಕೆಳೆದು, ತುಸು ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಕೂಡಿಡುತ್ತವೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ಅಲೆಗಳು ಆ ಮರಳನ್ನು ನಿಧಾನವಾಗಿ ದಡಕ್ಕೆ ತಂದು ಹಾಕುತ್ತವೆ. ಅಂದರೆ ಜೂನ್, ಜುಲೈಯಲ್ಲಿ ದಡ ತಗ್ಗುತ್ತದೆ, ಅಕ್ಟೋಬರ್ ಹೊತ್ತಿಗೆ ಮತ್ತೆ ತುಂಬತೊಡಗುತ್ತದೆ. ಇದರ ನಡುವೆ ಹೊಳೆಗಳು ತುಂಬಿ ಹರಿಯುತ್ತವೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿಯೆಂದು ತೆಂಕಕ್ಕೆ ಹೋದಂತೆ ಒಂದೊಂದು ಅಳಿವೆಯೂ ಒಳನಾಡಿನ ತೋಡು, ಗದ್ದೆ, ಪೇಟೆಯ ಚರಂಡಿಗಳಲ್ಲಿ ಸೇರಿದ್ದ ಬಾಟಲಿ, ಚಪ್ಪಲಿ, ಥರ್ಮೋಕೋಲ್ ತುಂಡುಗಳನ್ನು ಕಡಲಿಗೆ ಕೊಡುತ್ತದೆ, ಕಡಲು ಅವುಗಳಲ್ಲಿ ಹೆಚ್ಚಿನದನ್ನು ದಡದ ಮೇಲಂಚಿಗೆ ಎಸೆಯುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅದನ್ನು ಹೆಕ್ಕದಿದ್ದರೆ ಹಿಂದಿರುಗುವ ಮರಳು ಅದರ ಮೇಲೆಯೇ ಬಂದು ಕೂರುತ್ತದೆ. ಡಿಸೆಂಬರಿನಲ್ಲಿ ಪ್ರವಾಸಿಗರು ಮೆಚ್ಚಿಕೊಳ್ಳುವ ನುಣುಪು ಮರಳಿನಡಿಯಲ್ಲಿ ಹೀಗೆ ಮುಚ್ಚಿಹೋದ ಪ್ಲಾಸ್ಟಿಕ್ಕಿನ ಪದರವಿರುತ್ತದೆ, ಮುಂದಿನ ಜೂನಿನಲ್ಲಿ ಅದು ಮತ್ತೆ ಬಯಲಿಗೆ ಬಂದು, ಬಿಸಿಲಿಗೆ, ಉಪ್ಪಿಗೆ ಚೂರಾಗಿ, ಕೈಯಲ್ಲಿ ಹೆಕ್ಕಲಾಗದಂತೆ ಕಡಲು ಸೇರುತ್ತದೆ. ಆದ್ದರಿಂದ ಇಡೀ ವರ್ಷದಲ್ಲಿ ಆಳುಗಳು ಅತ್ಯಂತ ಅಗತ್ಯವಾಗಿರುವ ತಿಂಗಳುಗಳಲ್ಲಿಯೇ ಅವರನ್ನು ಬಿಡಿಸಲಾಗುತ್ತಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಟ್ಟಡಗಳ ಸ್ಥಿತಿಯೂ ಹೀಗೆಯೇ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಬಣ್ಣ ಬಳಿಯುವ, ಬೆಂಚು ಸರಿಮಾಡುವ ಕೆಲಸಗಳೆಲ್ಲ ಫೆಬ್ರವರಿ, ಮಾರ್ಚಿನಲ್ಲಿ ಒಮ್ಮೆಲೇ ನಡೆಯುತ್ತವೆ. ನಿಮ್ಮೂರಿನ ರೇಲಿಂಗಿನ ಬುಡವನ್ನು ಒಮ್ಮೆ ಕುಳಿತು ನೋಡಿ. ಕಂಬಿಯ ಮೈಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಅದು ಕಾಂಕ್ರೀಟಿಗೆ ಇಳಿಯುವ ಜಾಗದಲ್ಲಿ ಉಪ್ಪುನೀರು ನಿಂತು ಬೋಲ್ಟಿನ ತಲೆ ಪದರ ಪದರವಾಗಿ ಎದ್ದಿರುತ್ತದೆ, ಬೆರಳಿನಿಂದ ಒತ್ತಿದರೆ ಉದುರುತ್ತದೆ. ಹಳೆಯ ತುಕ್ಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಬಣ್ಣ ಹೊಡೆದುದರ ಫಲ ಇದು. ಮಳೆಗಾಲದ ನಡುವೆ ಹತ್ತು ಹದಿನೈದು ದಿನಕ್ಕೊಮ್ಮೆ ಒಬ್ಬರು ಸುತ್ತುಹಾಕಿ ಸಡಿಲವಾದ ಬೋಲ್ಟು, ಅಡಿಯ ಮರಳು ಜಾರಿ ಕುಸಿದ ಇಂಟರ್‌ಲಾಕ್, ತೆರೆದುಬಿದ್ದ ದೀಪಸ್ತಂಭದ ವಯರು, ಇಷ್ಟನ್ನು ಬರೆದುಕೊಂಡು ಅಂದಂದಿಗೆ ಸರಿಮಾಡಿಸಿದರೆ ಮಾರ್ಚಿನ ದೊಡ್ಡ ವೆಚ್ಚದಲ್ಲಿ ಬಹುಪಾಲು ಉಳಿಯುತ್ತದೆ.

ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ನಿರ್ವಹಣೆಯ ಕರಾರು ಯಾವ ತಿಂಗಳುಗಳಿಗೆ ಇದೆ ಎಂಬುದನ್ನು ಬರಹದಲ್ಲಿ ಪಡೆಯುವುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ‘ಕಿನಾರೆ ಏಕೆ ಕೊಳಕಾಗಿದೆ’ ಎಂದು ಕೇಳಬೇಡಿ. ಕರಾರಿನ ಪ್ರತಿ, ಅದರ ಅವಧಿ, ಆಳುಗಳ ಸಂಖ್ಯೆ, ದುರಸ್ತಿಯ ಹೊಣೆ ಯಾರದು ಎಂಬ ಷರತ್ತು, ಇವನ್ನು ಮಾತ್ರ ಕೇಳಿ. ಕರಾರು ವರ್ಷಪೂರ್ತಿಗೆ ಇದ್ದು ಕೆಲಸ ಮಾತ್ರ ಆರೇಳು ತಿಂಗಳು ನಡೆಯುತ್ತಿದ್ದರೆ ಅದು ಒಂದು ರೀತಿಯ ದೂರು. ಕರಾರೇ ಆರೇಳು ತಿಂಗಳಿಗೆ ಆಗಿದ್ದರೆ ಬದಲಾಯಿಸಬೇಕಾದದ್ದು ಯೋಜನೆಯನ್ನು, ಅದಕ್ಕೆ ಜಾಗ ಗ್ರಾಮಸಭೆ. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವಿದೆ. ಮುಂದಿನ ವರ್ಷದ ಯೋಜನೆ ರೂಪುಗೊಳ್ಳುವ ಸಭೆಗೆ ಕಿನಾರೆಯ ಸಮೀಪದ ಮನೆಗಳವರೆಲ್ಲ ಹೋಗಿ, ಜೂನ್‌ನಿಂದ ಸೆಪ್ಟೆಂಬರ್ ತನಕದ ನಿರ್ವಹಣೆಗೆ ಪ್ರತ್ಯೇಕ ಮೊತ್ತ ಇಡಬೇಕೆಂಬ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಭರವಸೆಯನ್ನು ನೆಚ್ಚಿಕೊಂಡು ಸಭೆಯಿಂದ ಏಳಬೇಡಿ.

ಪ್ರಶ್ನೆ: ಶೌಚಾಲಯದ ವಿಷಯಕ್ಕೆ ಒಂದು ಕಚೇರಿಗೆ ಹೋದರೆ ಅದು ಇನ್ನೊಬ್ಬರದು ಎನ್ನುತ್ತಾರೆ, ಅಲ್ಲಿಗೆ ಹೋದರೆ ಮತ್ತೊಂದು ಕಡೆಗೆ ಕಳುಹಿಸುತ್ತಾರೆ. ಕನ್ನಡದಲ್ಲಿ ಕೊಟ್ಟ ಮನವಿಗೆ ಮಲಯಾಳದಲ್ಲಿ ಎರಡು ಸಾಲಿನ ಉತ್ತರ ಬಂತು. ನಿಜವಾದ ಹೊಣೆ ಯಾರದು?
– ಕುಂಬಳೆ ಕಡೆಯ ಓದುಗರೊಬ್ಬರು

ಉತ್ತರ: ಹೊಣೆ ಹಂಚಿಹೋಗಿರುವುದು ನಿಜ, ಆದ್ದರಿಂದ ಎಲ್ಲವನ್ನೂ ಸೇರಿಸಿ ಒಂದೇ ಮನವಿ ಬರೆದರೆ ಅದು ಎಲ್ಲಿಯೂ ನಿಲ್ಲದೆ ಸುತ್ತುತ್ತದೆ. ಕಸ ಸಂಗ್ರಹ ಮತ್ತು ವಿಲೇವಾರಿ ಸ್ಥಳೀಯಾಡಳಿತದ ಕರ್ತವ್ಯ. ಗ್ರಾಮ ಪಂಚಾಯತಿಗೆ ಅದನ್ನು ವಹಿಸಿರುವುದು 1994ರ ಕೇರಳ ಪಂಚಾಯತ್ ರಾಜ್ ಕಾಯಿದೆ. ಬೆಂಚು, ಶೌಚಾಲಯ, ದೀಪಗಳ ವಿಷಯದಲ್ಲಿ ಅವನ್ನು ಕಟ್ಟಿಸಿದವರು ಯಾರು, ಆಮೇಲೆ ಯಾರಿಗೆ ಹಸ್ತಾಂತರಿಸಿದರು ಎಂಬುದನ್ನು ನೋಡಬೇಕು. ಕಟ್ಟಿಸಿದವರು ಒಪ್ಪಿಸಿಕೊಡದೆ, ಸ್ಥಳೀಯರು ವಹಿಸಿಕೊಳ್ಳದೆ ನಡುವೆ ಉಳಿದುಹೋದ ಶೌಚಾಲಯಗಳೇ ಹೆಚ್ಚಾಗಿ ಬೀಗ ಹಾಕಿಕೊಂಡಿರುತ್ತವೆ. ಹಾಗಾಗಿ ಹಸ್ತಾಂತರದ ಪತ್ರದ ಪ್ರತಿಯನ್ನು ಕೇಳಿ. ಕಲ್ಲಿನ ತಡೆಗೋಡೆ ಕುಸಿದಿದ್ದರೆ ಆ ಮನವಿ ನೀರಾವರಿ ಇಲಾಖೆಗೆ ಹೋಗಬೇಕು.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಅಂಥ ಪತ್ರಗಳಿಗೆ ಉತ್ತರವೂ ಕನ್ನಡದಲ್ಲಿಯೇ ಬರಬೇಕು. ನಿಮಗೆ ಬಂದ ಉತ್ತರದ ಪ್ರತಿಯನ್ನು ಲಗತ್ತಿಸಿ, ಈ ಕಾಯಿದೆಯನ್ನು ಹೆಸರಿಸಿ, ಕನ್ನಡದಲ್ಲಿ ಪೂರ್ಣ ಉತ್ತರ ಕೊಡಬೇಕೆಂದು ಇನ್ನೊಂದು ಪತ್ರ ಬರೆಯಿರಿ. ಮೇಲಿನ ಅಧಿಕಾರಿಗೂ ಒಂದು ಪ್ರತಿ ಇರಲಿ.

ಪ್ರಶ್ನೆ: ನಮ್ಮ ಯುವಕ ಸಂಘದವರು ಮಳೆ ಬಿಟ್ಟಾಗ ಕಿನಾರೆ ಸ್ವಚ್ಛ ಮಾಡುತ್ತೇವೆ. ಕಳೆದ ಸಲ ತುಂಬಿಸಿಟ್ಟ ಗೋಣಿಗಳನ್ನು ಒಯ್ಯಲು ಯಾರೂ ಬರಲಿಲ್ಲ. ಕಡಲು ಏರಿದಾಗ ಅರ್ಧದಷ್ಟು ಗೋಣಿ ನೀರುಪಾಲಾದವು. ಇನ್ನು ಯಾರೂ ಬರುವುದಿಲ್ಲ ಎನ್ನುತ್ತಿದ್ದಾರೆ.
– ಕಾಞಂಗಾಡಿನ ಓದುಗರೊಬ್ಬರು

ಉತ್ತರ: ನಿಮ್ಮ ಸಂಘದವರ ಬೇಸರ ನಮಗೆ ಅರ್ಥವಾಗುತ್ತದೆ, ಬೆವರು ಸುರಿಸಿ ಹೆಕ್ಕಿದ್ದು ಕಣ್ಣೆದುರೇ ಕಡಲಿಗೆ ಹೋಗುವುದು ಸಣ್ಣ ನೋವಲ್ಲ. ಇನ್ನು ಮುಂದೆ ವಾಹನ ಬರುವ ದಿನ, ಗಂಟೆಯನ್ನು ಬರಹದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕೆಲಸದ ದಿನ ಗೊತ್ತುಮಾಡಿ. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ತೆಗೆದುಕೊಳ್ಳುವುದು ಒಣಗಿದ, ಶುಚಿಯಾದ ಅಜೈವಿಕ ವಸ್ತುಗಳನ್ನು. ಮರಳು ಮೆತ್ತಿದ ಒದ್ದೆ ಬಲೆಯನ್ನೂ ಚಪ್ಪಲಿಯನ್ನೂ ಒಂದೇ ಗೋಣಿಗೆ ತುಂಬಿಸಿಕೊಟ್ಟರೆ ಅವರಿಗೂ ದಾರಿ ಇರುವುದಿಲ್ಲ. ಬಲೆ ಮತ್ತು ಹಗ್ಗ ಬೇರೆ, ಬಾಟಲಿ ಬೇರೆ, ಚಪ್ಪಲಿ ಬೇರೆ, ಥರ್ಮೋಕೋಲ್ ಬೇರೆ ಎಂದು ದಡದಲ್ಲಿಯೇ ವಿಂಗಡಿಸಿ. ಗೋಣಿಗಳನ್ನು ಗಾಳಿಮರಗಳಿಗಿಂತ ಮೇಲೆ, ರಸ್ತೆಯ ಬದಿಗೆ ಸಾಗಿಸಿಡಿ. ಸೆಪ್ಟೆಂಬರಿನ ಮೂರನೆಯ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ನಮ್ಮ ಕಡಲಿಗೆ ಅದು ತಕ್ಕ ಸಮಯವೂ ಹೌದು, ಆಗ ವಾಹನ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಆದರೆ ನೀವು ಮಾಡುವ ಶ್ರಮದಾನವನ್ನು ತೋರಿಸಿ, ಸಂಬಳದ ಆಳುಗಳನ್ನು ಇಡುವ ಅಗತ್ಯವಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ಒಂದು ಜೆಸಿಬಿ ತರಿಸಿ ಒಂದೇ ದಿನದಲ್ಲಿ ಎಲ್ಲವನ್ನೂ ಬಳಿದು ಹಾಕಬಾರದೇ?
– ಕಾಸರಗೋಡಿನ ಓದುಗರೊಬ್ಬರು

ಉತ್ತರ: ಬೇಡ. ಜೆಸಿಬಿಯ ಬಕೆಟ್ಟು ಕಸದೊಂದಿಗೆ ಮರಳನ್ನೂ, ಮರಳನ್ನು ಹಿಡಿದಿಟ್ಟುಕೊಳ್ಳುವ ನೇರಳೆ ಹೂವಿನ ಬಳ್ಳಿಗಳನ್ನೂ ಬಾಚುತ್ತದೆ. ಕಡಲು ತಂದು ಹಾಕಿದ ಸೊಪ್ಪು, ಕೊಂಬೆಗಳು ಕೊಳಕಲ್ಲ, ಅವು ಅಲ್ಲಿರಲಿ. ನೀಲೇಶ್ವರದ ತೈಕಡಪ್ಪುರದಂಥ ದಡಗಳಿಗೆ ಮಳೆಗಾಲದ ನಂತರ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅವಕ್ಕಿದೆ. ಕೈಯಿಂದಲೇ ಹೆಕ್ಕಬೇಕು.

ಪ್ರಶ್ನೆ: ಶುಚಿಯಾದ, ಸುರಕ್ಷಿತ ಕಡಲ ಕಿನಾರೆಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ (ನೀಲಿ ಧ್ವಜ) ಮನ್ನಣೆ ಸಿಕ್ಕಿದರೆ ನಮ್ಮ ಕಿನಾರೆಗಳ ಸ್ಥಿತಿ ಸುಧಾರಿಸೀತೇ?
– ಉಪ್ಪಳದ ಓದುಗರೊಬ್ಬರು

ಉತ್ತರ: ಬಡಗಿನಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ತೆಂಕಿನಲ್ಲಿ ಕೋಝಿಕ್ಕೋಡು ಜಿಲ್ಲೆಯ ಕಾಪ್ಪಾಡಿಗೂ 2020ರಲ್ಲಿ ಆ ಮನ್ನಣೆ ಬಂದಿದೆ. ನೀರಿನ ಗುಣಮಟ್ಟ, ಸುರಕ್ಷತೆ, ಪರಿಸರ ನಿರ್ವಹಣೆ ಮೊದಲಾದ 33 ಮಾನದಂಡಗಳನ್ನು ಅದಕ್ಕಾಗಿ ಪಾಲಿಸಬೇಕು. ಅಂಥದೊಂದು ಬಂದರೆ ಸಂತೋಷವೇ. ಆದರೆ ನಮ್ಮ ಹೆಚ್ಚಿನ ಕಿನಾರೆಗಳಿಗೆ ಈಗ ಬೇಕಾಗಿರುವುದು ತೆರೆದ ಶೌಚಾಲಯ, ಉರಿಯುವ ದೀಪ, ಮಳೆಗಾಲದಲ್ಲಿಯೂ ಸಂಬಳ ಪಡೆಯುವ ಇಬ್ಬರು ಆಳುಗಳು. ಇವಕ್ಕೆ ಧ್ವಜಕ್ಕಾಗಿ ಕಾಯಬೇಕಾಗಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಜೀವರಕ್ಷಕರೂ ಇರುವುದಿಲ್ಲ, ಎಚ್ಚರಿಕೆಯ ಫಲಕ ಬಿದ್ದುಹೋಗಿದೆ. ಮಕ್ಕಳು ನೀರಿಗಿಳಿಯುತ್ತಾರೆ. ಏನು ಮಾಡಬಹುದು?
– ಪಳ್ಳಿಕ್ಕರೆಯ ಓದುಗರೊಬ್ಬರು

ಉತ್ತರ: ಉಳಿದ ದೂರುಗಳಿಗೆಲ್ಲ ಮೊದಲು ಈ ಒಂದನ್ನು ಬರೆಯಿರಿ, ಫಲಕವನ್ನು ತಕ್ಷಣ ನೆಡಿಸಬೇಕೆಂದು ಒತ್ತಾಯಿಸಿ. ದಡಕ್ಕೆ ಬಂದ ನೀರು ನೀರಿನಡಿಯ ಮರಳ ದಿಬ್ಬದ ನಡುವಿನ ಇಕ್ಕಟ್ಟಾದ ಜಾಗದಿಂದ ರಭಸವಾಗಿ ಹಿಂದೆ ಓಡುವಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ, ಮಕ್ಕಳು ಇಳಿಯುವುದೂ ಅಲ್ಲಿಯೇ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ಈಜಿ ಬಸವಳಿಯದೆ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿಯಬೇಕು. ರಕ್ಷಿಸಲು ಹೋಗುವವರು ಬರಿಗೈಯಲ್ಲಿ ಹಾರಬಾರದು, ತೇಲುವ ಕ್ಯಾನು, ಹಗ್ಗ, ಟ್ಯೂಬು ಏನಾದರೊಂದನ್ನು ಎಸೆಯಬೇಕು. ಹತ್ತಿರದ ಅಂಗಡಿಯಲ್ಲಿಯೋ ಮನೆಯಲ್ಲಿಯೋ ಇವನ್ನು ಮಳೆಗಾಲ ಪೂರ್ತಿ ತೆಗೆದಿಡಿ. ತುರ್ತು ಕರೆಗೆ 112, ಕಡಲಿನಲ್ಲಿ ಅಪಾಯವಾದರೆ ಕರಾವಳಿ ರಕ್ಷಣಾ ಪಡೆಯ 1554. ಹೊಸ ಫಲಕದಲ್ಲಿ ಈ ಎರಡು ಸಂಖ್ಯೆಗಳನ್ನು ಕನ್ನಡ, ಮಲಯಾಳ ಎರಡರಲ್ಲಿಯೂ ಬರೆಸಿ.