ಅಪ್ಪನ ಎದುರು ಆ ಲೆಕ್ಕ ಬೇಡವಾಗಿತ್ತು

ಅಮ್ಮ ಮೂರು ತಿಂಗಳಿಗೆ ನ್ಯೂಜೆರ್ಸಿಗೆ ಬರುತ್ತಿದ್ದಾರೆ, ರಕ್ತ ಹೆಪ್ಪುಗಟ್ಟದಿರಲು ಅವರು ತಗೊಳ್ಳುವ ಅಪಿಕ್ಸಾಬಾನ್ ಇಲ್ಲಿ ಜನರಿಕ್‌ನಲ್ಲಿ ಸಿಗುತ್ತಾ, ಸ್ವೆಟರ್ ಎಷ್ಟು ತರಬೇಕು ಅಂತ ಕೇಳಿದ್ದೀರಿ. ಸ್ವೆಟರ್ ಇಲ್ಲೇ ಕೊಳ್ಳಿ. ಮಾತ್ರೆ ಊರಿಂದಲೇ ಬರಲಿ.

ಇಲ್ಲಿ ಸಿಗುವುದು ಅಪಿಕ್ಸಾಬಾನಿನ ಎಲಿಕ್ವಿಸ್ ಬ್ರ್ಯಾಂಡ್ ಮಾತ್ರ. ಜನರಿಕ್‌ಗೆ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲೇ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಪಡೆದ ಎರಡು ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್, ಡೋಲೋ 650 ಮಾಡುತ್ತಾರಲ್ಲ, ಅವರೇ. ಓದಿದಾಗ ಎದೆ ಉಬ್ಬಿತ್ತು. ಆದರೆ ಪೇಟೆಂಟ್ ಜಗಳದಿಂದಾಗಿ 2028ರ ಏಪ್ರಿಲ್ 1ರವರೆಗೆ ಇಲ್ಲಿ ಮಾರುವ ಹಾಗಿಲ್ಲ. ಊರಲ್ಲಿ ಪೇಟೆಂಟ್ 2022ರಲ್ಲೇ ಮುಗಿಯಿತು. ಅಲ್ಲಿ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತೆ ಅಲ್ವಾ?

ಸ್ಟ್ರಿಪ್ ಬಿಚ್ಚಬೇಡಿ, ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆಗಳು ಕೈಚೀಲದಲ್ಲಿರಲಿ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಇನ್ನೊಂದು ಮಾತ್ರೆ ಅಸಿಟ್ರೋಮ್ ತಗೊಳ್ಳುವವರಿದ್ದರೆ ಅದು ಇಲ್ಲಿ ಸಿಗುವುದೇ ಇಲ್ಲ. ಇಲ್ಲಿರುವುದು ಅದೇ ಬಗೆಯ ವಾರ್ಫರಿನ್, ಅಗ್ಗ. ಹಾಗಂತ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

2008ರಲ್ಲಿ ನಾನು ಬಂದಾಗ ಸೂಟ್‌ಕೇಸಿನಲ್ಲಿ ಅರ್ಧ ಸಾರಿನ ಪುಡಿ, ಅರ್ಧ ಕ್ರೋಸಿನ್. ಏನು ಕೊಂಡರೂ ರೂಪಾಯಿಗೆ ಗುಣಿಸುವ ಚಟ ಆಗ ಅಂಟಿದ್ದು. 2024ರಲ್ಲಿ ಅಪ್ಪ ಬಂದರು. ಮೂರು ತಿಂಗಳು ಅಂತ ಬಂದವರನ್ನು ಮೊಮ್ಮಗಳ ಹುಟ್ಟುಹಬ್ಬ ಮುಗಿಸಿ ಹೋಗಿ ಅಂತ ನಾನೇ ಉಳಿಸಿಕೊಂಡೆ. ತಂದಿದ್ದ ಮಾತ್ರೆ, ಇದೇ ಅಪಿಕ್ಸಾಬಾನ್, ಮುಗಿಯಿತು. ಮೊದಲೇ ಇದ್ದ ಕಾಯಿಲೆಗೆ ಅವರ ವಿಸಿಟರ್ ಇನ್ಶೂರೆನ್ಸ್ ಪೈಸೆ ಕೊಡಲಿಲ್ಲ. ಒಂದು ತಿಂಗಳಿಗೆ 600 ಡಾಲರ್ ಹತ್ತಿರ. ಕೌಂಟರಿನಲ್ಲೇ ನಾನು ಸುಮ್ನೆ ಇರದೆ, "50 ಸಾವಿರ ರೂಪಾಯಿ!" ಅಂದುಬಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನೂ ಹೇಳಲಿಲ್ಲ.

ಅವತ್ತಿಂದ ರಾತ್ರಿಯ ಮಾತ್ರೆ ಬಿಟ್ಟರು. ದಿನಕ್ಕೆ ಎರಡು ತಗೊಳ್ಳಲೇಬೇಕಾದ ಔಷಧಿ ಅದು. ಒಂದು ಹೊತ್ತು ತಪ್ಪಿದರೂ ಅದರ ಕಾವಲು ಸಡಿಲವಾಗುತ್ತೆ. ಮೂರನೇ ವಾರ ಕಾಫಿ ಕುಡಿಯುತ್ತಾ ಕೂತವರ ಮಾತು ತೊದಲಿತು, ಲೋಟ ಜಾರಿತು. ಸ್ಟ್ರೋಕ್ ಆಗಿತ್ತು. ಬದುಕಿದರು, ಊರಿಗೂ ಹೋದರು. ಬಲಗೈ ಮಾತ್ರ ಮೊದಲಿನ ಹಾಗಿಲ್ಲ. ನಲವತ್ತು ವರ್ಷ ಕರಿಹಲಗೆ ಮೇಲೆ ಮುತ್ತಿನಂತೆ ಬರೆದ ಕೈ ಅದು.

ಅಮ್ಮನ ಟಿಕೆಟ್ ಮುಂದಕ್ಕೆ ಹಾಕುವ ಮನಸ್ಸಾದರೆ ಮೊದಲು ಮಾತ್ರೆ ಎಣಿಸಿ. ಇಲ್ಲಿ ಕೊಳ್ಳಲೇಬೇಕಾಗಿ ಬಂದರೆ ನೀವೊಬ್ಬರೇ ಹೋಗಿ ತನ್ನಿ, ಬಿಲ್ ಕಾರಿನಲ್ಲೇ ಇರಲಿ. ಅಪ್ಪ ಉಳಿಸಿದ್ದ ಮಾತ್ರೆಗಳು ಅವರು ಹೋದಮೇಲೆ ಹಳೇ ಕನ್ನಡಕದ ಡಬ್ಬಿಯಲ್ಲಿ ಸಿಕ್ಕವು. ಇಪ್ಪತ್ತಿದ್ದವು.