ಬ್ರೇಕ್ ಸುಟ್ಟ ವಾಸನೆ, ಅಡ್ಡ ತಿರುಗುವ ಟ್ರೇಲರ್

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ಲೋಡ್ ಟ್ರೇಲರ್ ಓಡಿಸುತ್ತೇನೆ. ಶಿರಾಡಿ ಘಾಟಿ ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಾಲದು. ಏರ್ ಮೀಟರ್ ಮಾತ್ರ 8 ಬಾರ್ ತೋರಿಸುತ್ತಿರುತ್ತದೆ. ಲೈನಿಂಗ್ ಹೊಸದು. ತೊಂದರೆ ಎಲ್ಲಿದೆ?
— ಚಾಲಕರು, ಸಕಲೇಶಪುರ

ಉತ್ತರ: ಗಾಳಿ ಇದೆ, ಹಿಡಿತವಿಲ್ಲ ಎಂದರೆ ಬ್ರೇಕ್ ಡ್ರಮ್, ಅಂದರೆ ಚಕ್ರದೊಂದಿಗೆ ತಿರುಗುವ, ಲೈನಿಂಗ್ ಪಟ್ಟಿಗಳು ಒತ್ತಿ ಹಿಡಿಯುವ ಬಟ್ಟಲು, ಅತಿಯಾಗಿ ಕಾದಿದೆ. ಬಿಸಿಗೆ ಡ್ರಮ್ ಹಿಗ್ಗಿ ಲೈನಿಂಗ್‌ನಿಂದ ದೂರ ಸರಿಯುತ್ತದೆ, ಗಾಳಿಯ ಒತ್ತಡದಿಂದ ಲೈನಿಂಗನ್ನು ತಳ್ಳುವ ಬ್ರೇಕ್ ಚೇಂಬರ್‌ನ ರಾಡ್ ಹೆಚ್ಚು ದೂರ ತಳ್ಳಬೇಕಾಗುತ್ತದೆ. ಅದು ತನ್ನ ಕೊನೆ ಮುಟ್ಟಿದ ಮೇಲೆ ಎಷ್ಟು ಗಾಳಿ ಇದ್ದರೂ ಪ್ರಯೋಜನವಿಲ್ಲ. ಲೈನಿಂಗ್‌ನ ಘರ್ಷಣೆಯೂ ಬಿಸಿಯಲ್ಲಿ ಕುಗ್ಗುತ್ತದೆ. ಲೈನಿಂಗ್ ಹೊಸದಾದರೂ ಇದು ತಪ್ಪದು.

ವೇಗವನ್ನು ಹಿಡಿದಿಡಬೇಕಾದದ್ದು ಇಂಜಿನ್. ಬ್ರೇಕ್ ಇರುವುದು ಆ ವೇಗವನ್ನು ತಿದ್ದುವುದಕ್ಕೆ ಮಾತ್ರ. ಸಕಲೇಶಪುರ ದಾಟಿ ದೋಣಿಗಾಲ್ ಬರುವ ಮೊದಲೇ, ಇನ್ನೂ ಇಳಿಜಾರು ಶುರುವಾಗದಿರುವಾಗಲೇ, ಕೆಳಗಿನ ಗೇರ್‌ಗೆ ಬನ್ನಿ. ವೇಗ ಏರಿದ ಮೇಲೆ ಗೇರ್ ಇಳಿಸಲು ಹೋದರೆ ಗೇರ್ ಬೀಳದೆ ಗಾಡಿ ನ್ಯೂಟ್ರಲ್‌ನಲ್ಲೇ ಉಳಿಯಬಹುದು. ಹೊಗೆ ಹೊರಹೋಗುವ ದಾರಿ ತಡೆದು ಇಂಜಿನ್ ವೇಗ ಕುಗ್ಗಿಸುವ ಎಕ್ಸಾಸ್ಟ್ ಬ್ರೇಕ್‌ಗೆ ಬಲ ಬರುವುದು ಆರ್‌ಪಿಎಂ ಹೆಚ್ಚಿದ್ದಾಗ. ಮೇಲಿನ ಗೇರ್‌ನಲ್ಲಿ ಅದರ ಸದ್ದೇ ಹೆಚ್ಚು, ಕೆಲಸ ಕಡಿಮೆ. ಮೀಟರ್‌ನ ಕೆಂಪು ಪಟ್ಟಿಯನ್ನು ಮಾತ್ರ ಮುಟ್ಟಿಸಬೇಡಿ.

ನೀವು ಗೊತ್ತುಮಾಡಿಕೊಂಡ ವೇಗ 30 ಕಿ.ಮೀ. ಎನ್ನಿ. ಮುಳ್ಳು ಅಲ್ಲಿಗೆ ಬಂದಾಗ ಪೆಡಲ್ ಗಟ್ಟಿಯಾಗಿ ಒತ್ತಿ, ಮೂರು ಸೆಕೆಂಡಿನ ಆಸುಪಾಸಿನಲ್ಲಿ 22ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ 30 ಆದಾಗ ಮತ್ತೆ ಒತ್ತಿ. ಪೆಡಲ್ ಮೇಲೆ ಸದಾ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯುವ ಅಭ್ಯಾಸದಿಂದ ಡ್ರಮ್‌ಗೆ ಆರಲು ಬಿಡುವೇ ಸಿಗುವುದಿಲ್ಲ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರು ಈಗಲೂ ಇದ್ದಾರೆ. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಖರ್ಚಾಗುತ್ತಲೇ ಇರುತ್ತದೆ. ಅಂದರೆ ಲಾಭವೂ ಇಲ್ಲ, ಬ್ರೇಕೂ ಇಲ್ಲ.

ಟ್ರೇಲರ್‌ನ ಲೈನಿಂಗ್ ಮತ್ತು ಡ್ರಮ್ ನಡುವಿನ ಸಂದು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್‌ಗಳನ್ನೂ ನೋಡಿಸಿ. ಅವು ಸಡಿಲವಾಗಿದ್ದರೆ ಇಡೀ ಲೋಡನ್ನು ಟ್ರೇಲರ್ ಎಳೆಯುವ ಮುಂದಿನ ಗಾಡಿಯಾದ ಹಾರ್ಸ್‌ನ ಬ್ರೇಕ್‌ಗಳೇ ತಡೆಯಬೇಕಾಗುತ್ತದೆ. ಸಮತಟ್ಟು ಜಾಗದಲ್ಲಿ ಚಕ್ರ ಉರುಳದಂತೆ ಗುಟ್ಟ (ಅಡ್ಡ ತುಂಡು) ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಅಡ್ಜಸ್ಟರನ್ನು ಕೈಯಿಂದ ಬಲವಾಗಿ ಎಳೆಯಿರಿ. ಒಂದು ಇಂಚಿಗಿಂತ ಹೆಚ್ಚು ಬಂದರೆ ಬಿಗಿ ಮಾಡಿಸಬೇಕು.

ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಕಾದ ಡ್ರಮ್‌ಗೆ ನೀರು ಎರಚಿದರೆ ಬಿರುಕು ಬಿಡುತ್ತದೆ. ಡ್ರಮ್ ಆರುವವರೆಗೆ ಪಾರ್ಕಿಂಗ್ ಬ್ರೇಕ್ ನಂಬದೆ ಗೇರ್‌ನಲ್ಲಿಟ್ಟು ಚಕ್ರಗಳಿಗೆ ಗುಟ್ಟ ಕೊಡಿ. ಕಲ್ಲು ಕೊಟ್ಟಿದ್ದರೆ ಹೊರಡುವಾಗ ತೆಗೆದುಹಾಕಿ. ತಿರುವಿನಲ್ಲಿ ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬಲಿಯಾಗುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಖಾಲಿ ಟ್ರೇಲರ್ ತರುವಾಗ ತಿರುವಿನಲ್ಲಿ ಹಿಂಬದಿ ಅಡ್ಡ ತಿರುಗಿದಂತಾಯಿತು. ಲೋಡ್ ಇದ್ದಾಗ ಹೀಗಾಗಿಲ್ಲ.
— ಓದುಗರು, ಹಾಸನ

ಉತ್ತರ: ಬ್ರೇಕ್‌ಗಳ ಶಕ್ತಿ ಪೂರ್ತಿ ಲೋಡ್‌ಗೆ ತಕ್ಕಂತೆ ಇರುತ್ತದೆ. ಖಾಲಿ ಇದ್ದಾಗ ಟೈರಿನ ಮೇಲೆ ಭಾರವಿಲ್ಲ. ಸ್ವಲ್ಪ ಒತ್ತಿದರೂ ಚಕ್ರ ಲಾಕ್ ಆಗುತ್ತದೆ, ಲಾಕ್ ಆದ ಚಕ್ರ ಅಡ್ಡಕ್ಕೆ ಜಾರುತ್ತದೆ. ಟ್ರೇಲರ್ ಚಕ್ರ ಲಾಕ್ ಆದರೆ ಟ್ರೇಲರ್ ಪಕ್ಕಕ್ಕೆ ಬೀಸುತ್ತದೆ. ಹಾರ್ಸ್‌ನ ಹಿಂದಿನ ಚಕ್ರ ಲಾಕ್ ಆದರೆ ಇನ್ನೂ ಕೆಟ್ಟದ್ದು, ಟ್ರೇಲರ್ ತಳ್ಳಿ ಹಾರ್ಸ್ ಮಡಚಿಕೊಳ್ಳುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ, ಅದರ ಕೇಬಲ್ ಟ್ರೇಲರ್‌ಗೆ ಸೇರಿಸಿದ್ದೀರಾ ನೋಡಿ.

ಅನೇಕರಿಗೆ ತಿಳಿಯದ ಸಂಗತಿ: ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಹಾರ್ಸ್‌ನ ಡ್ರೈವ್ ಚಕ್ರಗಳನ್ನಷ್ಟೇ. ಲೋಡ್ ಹೊತ್ತು ಘಾಟಿ ಇಳಿಯುವಾಗ ಕಾಪಾಡುವ ಅದೇ ಸ್ವಿಚ್, ಖಾಲಿ ಗಾಡಿಯಲ್ಲಿ ನುಣುಪಾದ ಒದ್ದೆ ರಸ್ತೆಯಲ್ಲಿ ಗಾಡಿ ಮಡಚಲು ಕಾರಣವಾಗಬಹುದು. ಅಂಥಲ್ಲಿ ಅದನ್ನು ಆಫ್ ಮಾಡಿ, ಬ್ರೇಕ್ ಕೆಲಸವನ್ನೆಲ್ಲ ತಿರುವಿಗೆ ಮೊದಲು ನೇರ ರಸ್ತೆಯಲ್ಲೇ ಮುಗಿಸಿ. ಕನ್ನಡಿಯಲ್ಲಿ ಟ್ರೇಲರ್ ಬೀಸುವುದು ಕಂಡರೆ ಪೆಡಲ್ ಬಿಡಿ; ಚಕ್ರ ಉರುಳಿದರೆ ಟ್ರೇಲರ್ ತಾನಾಗಿ ಸಾಲಿಗೆ ಬರುತ್ತದೆ. ಟ್ರೇಲರ್ ಬ್ರೇಕಿನ ಕೈಲಿವರ್ ಎಳೆದು ನೇರ ಮಾಡಲು ಹೋಗಬೇಡಿ.

ಮಳೆಗಾಲದಲ್ಲಿ ಏರ್ ಟ್ಯಾಂಕ್‌ಗಳ ನೀರನ್ನು ಪ್ರತಿದಿನ ಬಸಿಯಿರಿ. ಮಲೆನಾಡಿನ ತೇವದ ಗಾಳಿಯಲ್ಲಿ ನೀರು ಬೇಗ ತುಂಬುತ್ತದೆ.

ಪ್ರಶ್ನೆ: ಟ್ರೇಲರ್ ಜೋಡಿಸಿದ ಮೇಲೆ ಏನೇನು ನೋಡಬೇಕು?
— ಹೊಸ ಚಾಲಕರು, ಅರಸೀಕೆರೆ

ಉತ್ತರ: ಜೋಡಣೆಯಾದ ಸದ್ದನ್ನು ನಂಬಬೇಡಿ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ: ಹಾರ್ಸ್ ಮೇಲಿನ ಜೋಡಣೆ ತಟ್ಟೆಯಾದ ಫಿಫ್ತ್ ವೀಲ್‌ನ ದವಡೆ ಟ್ರೇಲರ್ ಕೆಳಗಿನ ಕಿಂಗ್ ಪಿನ್ನಿನ ಕತ್ತಿನ ಸುತ್ತ ಮುಚ್ಚಿಕೊಂಡಿರಬೇಕು, ಮೇಲಿನ ಪ್ಲೇಟ್ ಮತ್ತು ಫಿಫ್ತ್ ವೀಲ್ ನಡುವೆ ಬೆಳಕು ತೂರಬಾರದು. ಕೆಂಪು ಹೋಸ್ ತುರ್ತು ಲೈನ್, ಹಳದಿ ಸರ್ವಿಸ್ ಲೈನ್. ಕಾಕ್ (ಗಾಳಿ ಮುಚ್ಚುವ ತಿರುಪು) ಇದ್ದರೆ ಎರಡೂ ತೆರೆದಿರಲಿ. ಹಳದಿಯದು ಮುಚ್ಚಿದ್ದರೆ ಮೀಟರ್ ಸರಿಯಾಗಿಯೇ ತೋರಿಸುತ್ತದೆ, ಪೆಡಲ್ ಒತ್ತಿದಾಗ ಟ್ರೇಲರ್ ಮಾತ್ರ ಹಿಡಿಯುವುದಿಲ್ಲ. ಟ್ರೇಲರ್ ಬ್ರೇಕ್ ಹಾಕಿ, ಬೇರ್ಪಟ್ಟ ಟ್ರೇಲರ್ ನಿಲ್ಲಿಸುವ ಲ್ಯಾಂಡಿಂಗ್ ಲೆಗ್ ನೆಲದಿಂದ ಸ್ವಲ್ಪವಷ್ಟೇ ಎತ್ತಿ, ಮೊದಲ ಗೇರ್‌ನಲ್ಲಿ ಮೆಲ್ಲಗೆ ಜಗ್ಗಿ ನೋಡಿ. ಲೆಗ್ ಪೂರ್ತಿ ಎತ್ತುವುದು ಆಮೇಲೆ. ಕೊನೆಗೆ ಇಂಜಿನ್ ನಿಲ್ಲಿಸಿ ಪೆಡಲ್ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೊದಲ ಇಳಿಕೆಯ ನಂತರ ಮುಳ್ಳು 0.3 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆಯಿದೆ.

ಪ್ರಶ್ನೆ: ಮೂಡಿಗೆರೆ ಕಡೆಯ ತೋಟದ ರಸ್ತೆಗಳಿಗೆ 40 ಅಡಿ ಟ್ರೇಲರ್ ಒಯ್ಯಬಹುದೇ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಬೇಡ. ತಿರುವಿನಲ್ಲಿ ಟ್ರೇಲರ್ ಚಕ್ರಗಳು ಹಾರ್ಸ್‌ನ ಜಾಡು ಬಿಟ್ಟು ಒಳಗೆ ಕತ್ತರಿಸುತ್ತವೆ. ಮಳೆಗೆ ಮೆತ್ತಗಾದ ಅಂಚು ಅಷ್ಟು ಭಾರ ತಡೆಯದು. ಸರಕನ್ನು ಚಿಕ್ಕ ಲಾರಿಯಲ್ಲಿ ಮುಖ್ಯರಸ್ತೆಗೆ ತಂದು ತುಂಬಿಸಿ.